ಮೀಸಲು ಫ್ರಿಜ್ಜು

ನನಗೆ ನರದೌರ್ಬಲ್ಯ ಇತ್ತು. ಈ ಕಥೆ ನನ್ನದಲ್ಲ, ನಮ್ಮ ಪಕ್ಕದ ಮನೆಯ ವೆಂಕಟರಂಗಯ್ಯನವರದು. ಆದರೂ ನನ್ನ ಕಾಯಿಲೆಯಿಂದಲೇ ಶುರು ಮಾಡುತ್ತೇನೆ. ಮೂವತ್ತು ವರ್ಷ ಪಾಠ ಹೇಳಿದವನಿಗೆ ಯಾವುದನ್ನೂ ಮೊದಲಿನಿಂದ ಹೇಳದಿದ್ದರೆ ಸಮಾಧಾನವಿಲ್ಲ.

ಬೆಳಿಗ್ಗೆ ಆರರಿಂದ ಏಳರವರೆಗೆ ನಮ್ಮ ಹಿತ್ತಲ ನಲ್ಲಿ ಮುಟ್ಟಿದರೆ ನನಗೆ ಬೆರಳ ತುದಿಯಿಂದ ಮೊಣಕೈವರೆಗೆ ಜುಮ್ ಎನ್ನುತ್ತಿತ್ತು. ಏಳರ ಮೇಲೆ ಏನೂ ಇಲ್ಲ. ಮರಳೂರಿನ ಒಬ್ಬ ಪಂಡಿತರಿಗೆ ಕೈ ತೋರಿಸಿದೆ. ಅವರು ನಾಡಿ ಹಿಡಿದು, ಕಣ್ಣು ಮುಚ್ಚಿ, "ಇದು ಪ್ರಾತಃಕಾಲದ ನರದೌರ್ಬಲ್ಯ. ಬೆಳಗಿನ ಹೊತ್ತು ನೀವು ನೀರಿನ ಸಹವಾಸಕ್ಕೇ ಹೋಗಬಾರದು" ಎಂದು ಲೇಹ್ಯ ಕೊಟ್ಟರು. ಇಷ್ಟು ಒಳ್ಳೆಯ ಪಥ್ಯವನ್ನು ಯಾವ ವೈದ್ಯರೂ ಅದುವರೆಗೆ ನನಗೆ ಹೇಳಿರಲಿಲ್ಲ. ಅಂದಿನಿಂದ ನೀರು ಹಿಡಿಯುವ ಕೆಲಸ ನನ್ನ ಹೆಂಡತಿ ಸಿದ್ದಲಕ್ಷ್ಮಮ್ಮನ ಪಾಲಿಗೆ ಹೋಯಿತು. ಒಂದು ದಿನ ಅವಳು ಬಿಂದಿಗೆ ಇಳಿಸುತ್ತಾ, "ನಂಗೂ ಕೈ ಜುಮ್ ಅಂತದೆ ಕಣ್ರೀ" ಎಂದಳು. ಗಂಡನ ಕಾಯಿಲೆ ಹೆಂಡತಿಯ ಮೈಗೂ ಅರಿವಾಗುವುದು ಪತಿವ್ರತೆಯ ಲಕ್ಷಣ ಎಂದೆ. ನಂಬಿದಳೋ ಇಲ್ಲವೋ, ನಾಲ್ಕು ವರ್ಷ ನೀರು ಹಿಡಿದಳು.

ಇನ್ನು ವೆಂಕಟರಂಗಯ್ಯನವರ ವಿಷಯ. ತುಮಕೂರಿನ ಉಪ್ಪಾರಹಳ್ಳಿಯಲ್ಲಿ ನಮ್ಮಿಬ್ಬರ ಮನೆಗೆ ನಡುವೆ ಒಂದೇ ಕಾಂಪೌಂಡು ಗೋಡೆ. ಅವರು ಒಂದು ಸರ್ಕಾರಿ ಕಚೇರಿಯ ರೆಕಾರ್ಡ್ ರೂಮಿನಲ್ಲಿ ಗುಮಾಸ್ತರು. ಕಡತ ಯಾವ ಮೇಜಿನಿಂದ ಹೊರಟು ಯಾವ ಮೇಜು ದಾಟಿ ಎಲ್ಲಿ ಮಲಗಬೇಕು ಎನ್ನುವುದು ಅವರಿಗೆ ಬಾಯಿಪಾಠ. ತೊಂಬತ್ತನಾಲ್ಕನೇ ಇಸವಿಯಲ್ಲಿ ಅವರ ಆಫೀಸಿನಲ್ಲಿ ಗಣೇಶನನ್ನು ಕೂರಿಸಿದಾಗ ಸೀರಿಯಲ್ ಸೆಟ್ಟು ಹತ್ತಲಿಲ್ಲ. ವೆಂಕಟರಂಗಯ್ಯನವರು ಸುಮ್ಮನೆ ಒಂದು ಬಲ್ಬನ್ನು ಹಿಡಿದು ಅಲ್ಲಾಡಿಸಿದರು. ಹತ್ತಿಕೊಂಡಿತು. ಅಲ್ಲೇ ನಿಂತಿದ್ದ ಸಾಹೇಬರು, "ಏನ್ರೀ, ನೀವು ಎಲೆಕ್ಟ್ರಿಕಲ್ ಇಂಜಿನಿಯರ್ ಆಗ್ಬೇಕಿತ್ತು ಕಣ್ರೀ" ಅಂದುಬಿಟ್ಟರು. ಸಾಹೇಬರು ಆ ಮಾತನ್ನು ಅಂದು ಪ್ರಸಾದದ ಚರಪು ತಿನ್ನುವ ಹೊತ್ತಿಗೇ ಮರೆತರು. ಇವರು ಮರೆಯಲಿಲ್ಲ.

ಮುಂದಿನ ವಾರ ಅವರ ಅಂಗಿ ಜೇಬಿನಲ್ಲಿ ಪೆನ್ನಿನ ಪಕ್ಕ ಹಳದಿ ಹಿಡಿಯ ಟೆಸ್ಟರ್ ಬಂದು ಕೂತಿತು. ಮದುವೆ ಮುಂಜಿಗೂ ಅದನ್ನು ಸಿಕ್ಕಿಸಿಕೊಂಡೇ ಹೋಗುತ್ತಿದ್ದರು. ಮನೆಗೆ ಫ್ರಿಜ್ಜು ಬಂತು, ಗೀಸರ್ ಬಂತು, ಮಿಕ್ಸಿ ಬಂತು. ಒಂದಕ್ಕೂ ಎಲೆಕ್ಟ್ರಿಷಿಯನ್ ಬರಲಿಲ್ಲ. "ಅವ್ರು ಗೋಡೆ ಕೊರೀತಾರೆ ಮೇಷ್ಟ್ರೇ, ನಾನು ಎಲ್ಲಾನೂ ಅಟ್ಟದ ಮೇಲಿಂದ್ಲೇ ಎಳೀತೀನಿ" ಎಂದು ಭಾನುವಾರ ಏಣಿ ಹತ್ತುವರು. ಅಡುಗೆಮನೆ ಮತ್ತು ಬಚ್ಚಲ ಮೇಲೆ ಹರಡಿಕೊಂಡಿದ್ದ ಆ ಅಟ್ಟದೊಳಕ್ಕೆ ತೆವಳಿಕೊಂಡು ಹೋದರೆ ಸಾಯಂಕಾಲ ಜೇಡರಬಲೆ ಹೊತ್ತುಕೊಂಡು ಇಳಿಯುವರು. ಕೊನೆಗೆ ಅಟ್ಟದ ಬಾಗಿಲಿಗೆ ಬೀಗ ಜಡಿದು ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡರು.

ಅಲ್ಲಿಂದ ಆ ಮನೆಗೆ ಬೇರೆಯೇ ಕಾನೂನು ಬಂತು. ಬಚ್ಚಲ ದೀಪ ಹಾಕಿದರೆ ಮಾತ್ರ ಮಿಕ್ಸಿ ತಿರುಗುವುದು. ಮಿಕ್ಸಿ ತಿರುಗುವಾಗ ದೇವರಮನೆಯ ಬಲ್ಬು ಮಿಣುಕುವುದು. ಯಾರಾದರೂ ಬಂದು ಕಾಲಿಂಗ್ ಬೆಲ್ ಒತ್ತಿದರೆ ಟಿವಿ ಆರಿಹೋಗುವುದು, ಬೆಲ್ ಮಾತ್ರ ಆಗದು. ಆದರೂ ಟಿವಿ ಆರಿದ ಕೂಡಲೇ ಎದ್ದು ಬಾಗಿಲು ತೆಗೆಯುವುದು ಮನೆಯವರಿಗೆ ರೂಢಿಯಾಗಿದ್ದರಿಂದ ತೊಂದರೆ ಇರಲಿಲ್ಲ. ಫ್ರಿಜ್ಜಿನದೇ ಕಷ್ಟ. ಬರಿಗಾಲಲ್ಲಿ ಮುಟ್ಟಿದವರನ್ನು ಅದು ಬಿಡುತ್ತಿರಲಿಲ್ಲ. ಹಾಗಾಗಿ ವೆಂಕಟರಂಗಯ್ಯ, ಅವರ ಹೆಂಡತಿ ಸುಬ್ಬಲಕ್ಷ್ಮಮ್ಮ, ಮಗ ಕಾಂತೇಶ ಮೂವರೂ ಮನೆಯೊಳಗೆ ಸದಾ ರಬ್ಬರ್ ಚಪ್ಪಲಿ ಹಾಕಿಕೊಂಡೇ ಓಡಾಡುವರು. ಅಡುಗೆಮನೆಗೂ ಚಪ್ಪಲಿ. ಸುಬ್ಬಲಕ್ಷ್ಮಮ್ಮ ದೇವರಿಗೆ ದಿನಾ ತಪ್ಪೊಪ್ಪಿಕೊಂಡು ಹಾಲು ತೆಗೆಯುತ್ತಿದ್ದರು.

ಇದೆಲ್ಲ ನಡೆದುಕೊಂಡು ಹೋಗುತ್ತಿತ್ತು, ಕಾಂತೇಶನ ಮದುವೆಯ ಮಾತು ಬರುವ ತನಕ. ಕಾಂತೇಶ ಕುಣಿಗಲ್ಲಿನ ಒಂದು ಸಹಕಾರ ಸಂಘದಲ್ಲಿ ಕೆಲಸಕ್ಕಿದ್ದ, ದಿನಾ ಬಸ್ಸಿನಲ್ಲಿ ಹೋಗಿ ಬರುವನು. ನಮ್ಮ ಕಡೆ ಗಂಡಿನವರು ಹೋಗಿ ಹೆಣ್ಣು ನೋಡಿದ ಮೇಲೆ ಹೆಣ್ಣಿನ ಕಡೆಯವರು ಬಂದು ಗಂಡಿನ ಮನೆ ನೋಡುತ್ತಾರಲ್ಲ, ಅಲ್ಲಿ ಎಡವಟ್ಟಾಗುತ್ತಿತ್ತು. ಮೊದಲು ಬಂದ ಕುಣಿಗಲ್ ಕಡೆಯ ಯಜಮಾನರೊಬ್ಬರು ತಣ್ಣೀರು ಬಾಟಲಿಗೆಂದು ಫ್ರಿಜ್ಜಿಗೆ ಕೈ ಹಾಕಿ, ಹಾರ್ಟ್ ಅಟ್ಯಾಕೇ ಆಯಿತೆಂದು ಆಸ್ಪತ್ರೆಯಲ್ಲಿ ಎರಡು ದಿನ ಮಲಗಿ ಎದ್ದರು. ಎರಡನೆಯವರ ಕಡೆಯ ಹೆಂಗಸೊಬ್ಬರು ಅದೇ ಫ್ರಿಜ್ಜು ಮುಟ್ಟಿ ಕಿರುಚಿಕೊಂಡು, "ಈ ಮನೇಲಿ ಏನೋ ಐತೆ, ನನ್ ಕೈ ಹಿಡ್ಕಂಡು ಎಳೀತು" ಎಂದು ಕುಣಿಗಲ್ ಸುತ್ತಲೆಲ್ಲ ಸಾರಿದರು. ಆಮೇಲೆ ಆ ತಾಲ್ಲೂಕಿನಿಂದ ಒಂದು ಜಾತಕವೂ ಬರಲಿಲ್ಲ.

ಮೂರನೆಯದು ಗುಬ್ಬಿ ಕಡೆಯದು. ಕಡಬದ ದೊಡ್ಡರಂಗಯ್ಯನವರ ಮಗಳು ನೇತ್ರಾವತಿ. ಮೇಷ್ಟ್ರ ತರಬೇತಿ ಟಿಸಿಎಚ್ ಮುಗಿಸಿದ್ದಳು. ಕಾಂತೇಶನಿಗೆ ಹುಡುಗಿ ಎಷ್ಟು ಹಿಡಿಸಿದ್ದಳೆಂದರೆ, ನೋಡಿಕೊಂಡು ಬಂದ ದಿನ ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಫ್ರಿಜ್ಜಿನಿಂದ ಹೊಡೆಸಿಕೊಂಡ. ಅವರ ಕಡೆಯವರು ಶ್ರಾವಣದ ಎರಡನೇ ಶನಿವಾರ ಮನೆ ನೋಡಲು ಬರುತ್ತೇವೆಂದು ಹೇಳಿ ಕಳಿಸಿದರು. ತೊಂಬತ್ತೊಂಬತ್ತನೇ ಇಸವಿ. ಹಿಂದಿನ ದಿನ ಸಾಯಂಕಾಲ ಕಾಂತೇಶ ನನ್ನ ಮುಂದೆಯೇ ಹೇಳಿದ:

"ಅಪ್ಪಾ, ಕೇಳುಸ್ಕೊ. ಈ ಸಲಾನೂ ಯಾರಿಗಾದ್ರೂ ಶಾಕ್ ಹೊಡುದ್ರೆ ನಾನು ಕುಣಿಗಲ್ಲಲ್ಲೇ ರೂಮ್ ಮಾಡ್ಕೊಂತೀನಿ. ಮದ್ವೆನೂ ಬ್ಯಾಡ, ಈ ಮನೆನೂ ಬ್ಯಾಡ."

"ಅವನ ಹಿಂದೇನೇ ನಾನೂ ಹೊಂಟೆ" ಎಂದರು ಸುಬ್ಬಲಕ್ಷ್ಮಮ್ಮ.

ನಾನು ಹೇಳಿದೆ, "ಈಗ್ಲಾದ್ರೂ ಒಬ್ಬ ಎಲೆಕ್ಟ್ರಿಷಿಯನ್ ಕರೆಸ್ರಿ."

"ಕರೆಸಿದ್ರೆ ಅಟ್ಟ ನೋಡ್ತಾನೆ ಮೇಷ್ಟ್ರೇ. ನೋಡಿದ್ರೆ ಊರಿಗೆಲ್ಲ ಹೇಳ್ತಾನೆ. ಐದು ವರ್ಷದಿಂದ ಈ ಟೆಸ್ಟರ್ ಇಟ್ಕಂಡು ಓಡಾಡಿದೀನಿ."

"ಹಂಗಾದ್ರೆ ಅವ್ರು ಇರೋಗಂಟ ಮೇನ್ ಆಫ್ ಮಾಡ್ಬಿಡಿ."

"ಮನೆ ನೋಡೋಕೆ ಬಂದೋರಿಗೆ ಓಡದ ಫ್ರಿಜ್ ತೋರುಸ್ಲಾ? ತಿರುಗ್ದ ಫ್ಯಾನ್ ತೋರುಸ್ಲಾ?" ಎಂದು ನನ್ನನ್ನೇ ಗದರಿಕೊಂಡರು.

ಕೊನೆಗೆ ಅವರೇ ಉಪಾಯ ಹೂಡಿದರು. ಬೀಗರಾಗುವವರ ಮುಂದೆ ಮನೆಯೊಳಗೆ ಚಪ್ಪಲಿ ಮೆಟ್ಟಿಕೊಂಡು ಓಡಾಡುವುದು ಮರ್ಯಾದೆಯಲ್ಲ. ಆದ್ದರಿಂದ ಮೂರು ಜೊತೆ ಚಪ್ಪಲಿಯನ್ನೂ ಒಂದು ಚೀಲಕ್ಕೆ ತುಂಬಿ ಬಚ್ಚಲ ಮೂಲೆಯಲ್ಲಿಡುವುದು. ಫ್ರಿಜ್ಜಿನ ಮುಂದೆ ಒಂದು ಮಣೆ ಹಾಕುವುದು. ಒಣಗಿದ ಹಲಸಿನ ಮರದ ಮಣೆ. ಅದರ ಮೇಲೆ ನಿಂತು ಮುಟ್ಟಿದರೆ ಏನೂ ಆಗುವುದಿಲ್ಲ. ಹಾಲು, ತಣ್ಣೀರು ಏನು ಬೇಕಾದರೂ ಸುಬ್ಬಲಕ್ಷ್ಮಮ್ಮನೇ ಮಣೆ ಹತ್ತಿ ತೆಗೆಯುವುದು. ಗಂಡಿನ ಕಡೆಯ ಹಿರಿಯರೆಂದು ನಾನು ಬಂದು ಕೂತು, ಬಂದವರು ಎದ್ದು ಓಡಾಡದಂತೆ ಮಾತಾಡಿಸುತ್ತಿರುವುದು. ಈ ಕೊನೆಯ ಕೆಲಸಕ್ಕೆ ನನ್ನಷ್ಟು ಯೋಗ್ಯರು ತುಮಕೂರಿನಲ್ಲಿ ಇರಲಿಲ್ಲ.

ಶನಿವಾರ ಹತ್ತು ಗಂಟೆಗೆ ಟಿವಿ ಆರಿತು. ಬಾಗಿಲು ತೆಗೆದೆವು.

ಮೂರು ಜನ ಬಂದಿದ್ದರು. ಹುಡುಗಿಯ ತಂದೆ ದೊಡ್ಡರಂಗಯ್ಯ, ಮಾತು ಕಡಿಮೆ, ಮೀಸೆ ಜಾಸ್ತಿ. ಹುಡುಗಿಯ ಸೋದರಮಾವ ಮಹಾದೇವಯ್ಯ, ಗುಬ್ಬಿಯಲ್ಲಿ ಅಂಗಡಿ ಇದೆಯಂತೆ, ಏನಂಗಡಿ ಎಂದು ನಾವ್ಯಾರೂ ಕೇಳಲಿಲ್ಲ. ಕೇಳಬೇಕಾಗಿತ್ತು. ಮೂರನೆಯವರು ದೊಡ್ಡರಂಗಯ್ಯನವರ ತಾಯಿ ದೊಡ್ಡಗಂಗಮ್ಮ. ಎಪ್ಪತ್ತು ದಾಟಿದ ಮುದುಕಿ, ಬಾಯಲ್ಲಿ ಎಲೆಅಡಿಕೆ, ಕಣ್ಣು ಮಾತ್ರ ಎಳೇ ಹುಡುಗಿಯದು. ಮನೆಯಲ್ಲಿ ಯಾರ ಮಾತು ನಡೆಯುತ್ತದೆಂದು ಅವರು ಕೂತ ರೀತಿಯಲ್ಲೇ ಗೊತ್ತಾಯಿತು.

ನಾನು ಕಡಬದ ಕೆರೆ ತುಂಬಿದೆಯೇ ಎಂದು ಕೇಳಿದೆ. ಅಲ್ಲಿಂದ ತೆಂಗಿನ ನುಸಿ ರೋಗಕ್ಕೆ ಬಂದೆ. ದೊಡ್ಡರಂಗಯ್ಯ ಹೂಂ ಎಂದರು, ಉಹೂಂ ಎಂದರು. ಅಷ್ಟರಲ್ಲಿ ಮುದುಕಿ ಎದ್ದುಬಿಟ್ಟರು.

"ಗಂಡಸ್ರು ಮಾತಾಡ್ಕಳಿ. ನಾನು ಒಲೆ ನೋಡ್ತೀನಿ. ನಮ್ ಮಗ ನಿಂತ್ಕಂಡು ಬೇಯ್ಸೋ ಜಾಗ ಅಲ್ವಾ?"

ಅವರ ಮಾತಿನಲ್ಲಿ ಮೊಮ್ಮಗಳೂ 'ಮಗ'ನೇ. ನಾವು ತಡೆಯುವ ಮೊದಲೇ ಅಡುಗೆಮನೆಯೊಳಗಿದ್ದರು. ನಾವೆಲ್ಲ ಹಿಂದೆಯೇ ನುಗ್ಗಿದೆವು. ಮುದುಕಿ ಒಲೆ ನೋಡಿದರು, ಗೂಡು ನೋಡಿದರು, ಫ್ರಿಜ್ಜು ನೋಡಿದರು. "ಹಾಂ, ತಂಪು ಪೆಟ್ಟಿಗೆ" ಎಂದು ಕೈ ಚಾಚಿದರು.

"ಮುಟ್ಬೇಡಿ!"

ಮೂರು ಬಾಯಿ ಒಟ್ಟಿಗೆ ಕೂಗಿದವು. ನನ್ನದೂ ಸೇರಿಸಿದರೆ ನಾಲ್ಕು. ಮುದುಕಿಯ ಕೈ ಗಾಳಿಯಲ್ಲೇ ನಿಂತಿತು. ಬಾಗಿಲಲ್ಲಿ ದೊಡ್ಡರಂಗಯ್ಯನವರ ಮೀಸೆ ನಿಮಿರಿತು.

"ಯಾಕೆ? ನಮ್ಮವ್ವ ಮುಟ್ಟಿದ್ರೆ ಏನಾಗ್ತದೆ ನಿಮ್ ಪೆಟ್ಟಿಗೆ?" ಅದು ಅವರು ಅಂದು ಆಡಿದ ಮೊದಲ ಪೂರ್ತಿ ವಾಕ್ಯ. "ನಾವೇನು ನಿಮಗಿಂತ ಕಡ್ಮೆನಾ? ನಡಿಯವ್ವಾ, ಮುಟ್ಟಿಸ್ಕಳ್ದ ಮನೇಗೆ ನಾವು ಹೆಣ್ಣು ಕೊಡಲ್ಲ."

ಕಾಂತೇಶನ ಮುಖ ಸುಣ್ಣವಾಯಿತು. ವೆಂಕಟರಂಗಯ್ಯನವರ ಕಣ್ಣು ಫ್ರಿಜ್ಜಿನಿಂದ ಮಣೆಗೆ, ಮಣೆಯಿಂದ ಗೋಡೆಯ ಕ್ಯಾಲೆಂಡರಿಗೆ ಓಡಿತು. ಕ್ಯಾಲೆಂಡರಿನಲ್ಲಿ ಶ್ರಾವಣ ಶನಿವಾರ ಎಂದಿತ್ತು.

"ಅಯ್ಯೋ ತಪ್ಪು ತಿಳೀಬೇಡಿ!" ಎಂದರು. "ಮೀಸಲು! ಮನೆದೇವ್ರು ರಂಗನಾಥ ಸ್ವಾಮಿಗೆ ಮೀಸಲು ಇಟ್ಟಿದೀವಿ. ಹಾಲು, ಮೊಸ್ರು, ಎಲ್ಲಾ ಅದ್ರೊಳಗೇ ಐತೆ. ಎಡೆ ಆಗೋಗಂಟ ಹೊರಗಿನೋರು ಮುಟ್ಟಂಗಿಲ್ಲ."

ಶ್ರಾವಣ ಶನಿವಾರ ದೇವರಿಗೆಂದು ಎತ್ತಿಟ್ಟ ಮೀಸಲನ್ನು ಯಾರೂ ಮುಟ್ಟುವುದಿಲ್ಲ, ಅದು ನಿಜ. ಆದರೆ ಹಾಲನ್ನಲ್ಲದೆ ಹಾಲಿಟ್ಟ ಫ್ರಿಜ್ಜನ್ನೇ ದೇವರಿಗೆ ಬಿಟ್ಟವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಸುಬ್ಬಲಕ್ಷ್ಮಮ್ಮನವರು ಮೂವತ್ತು ವರ್ಷ ಸಂಸಾರ ಮಾಡಿದವರು, ಗಂಡ ಸುಳ್ಳು ಶುರು ಮಾಡಿದರೆ ಹಿಂದೆ ಹೇಗೆ ಹೋಗಬೇಕೆಂದು ಬಲ್ಲರು. ಕುಂಕುಮದ ಭರಣಿ ತಂದು ಮಣೆಗೆ ಬೊಟ್ಟಿಟ್ಟರು. ಫ್ರಿಜ್ಜಿಗೆ ಮಾತ್ರ ಮೂರು ಅಡಿ ದೂರದಿಂದ ಅಕ್ಷತೆ ಎರಚಿದರು.

ದೊಡ್ಡಗಂಗಮ್ಮ ಮಣೆಯನ್ನು ನೋಡಿದರು. ಎರಚಿದ ಅಕ್ಷತೆಯನ್ನು ನೋಡಿದರು. ಕೈ ಮುಗಿದರು. "ಈ ಕಾಲ್ದಾಗೂ ಇಷ್ಟು ನೇಮ ಇಟ್ಕಂಡಿದೀರಲ್ಲ! ಕ್ವಾಪ ಮಾಡ್ಕಬ್ಯಾಡ ಕಣೋ ರಂಗಾ, ದೇವ್ರ ಮನೆ ಇದು."

ದೊಡ್ಡರಂಗಯ್ಯ ತಣ್ಣಗಾದರು. ಮುದುಕಿ ಪಕ್ಕದಲ್ಲಿದ್ದ ಮಿಕ್ಸಿಯ ಕಡೆ ತಿರುಗಿದರು.

"ಇದೂ ಮೀಸಲಾ?"

"ಇದೂ ಮೀಸಲೇ" ಎಂದರು ವೆಂಕಟರಂಗಯ್ಯ. ಅದರ ಸ್ವಿಚ್ಚಿನ ವಿಷಯದಲ್ಲಿ ಅವರಿಗೂ ಪೂರ್ತಿ ನಂಬಿಕೆ ಇರಲಿಲ್ಲ.

"ಬಚ್ಚಲ ಮನೇಲಿರೋ ಬಿಸ್ನೀರು ಡಬ್ಬ?"

"ಅದಕ್ಕೂ... ಸ್ವಲ್ಪ ಮೀಸಲು ಐತೆ."

"ಹೌದಾ ಮೇಷ್ಟ್ರೇ?" ಮುದುಕಿ ತಟ್ಟನೆ ನನ್ನ ಕಡೆ ತಿರುಗಿದರು. ಮಕ್ಕಳಿಗೆ ಸತ್ಯವನ್ನೇ ಹೇಳಬೇಕೆಂದು ಮೂವತ್ತು ವರ್ಷ ಪಾಠ ಮಾಡಿದ ನಾನು, "ತಲತಲಾಂತರದಿಂದ ಬಂದಿದೆ" ಎಂದೆ. ಗೀಸರ್ ಬಂದು ನಾಲ್ಕು ವರ್ಷವಾಗಿತ್ತು.

ಅಷ್ಟು ಹೊತ್ತಿಗೆ ಕಾಂಪೌಂಡಿನಾಚೆ ನಿಂತು ಕೇಳಿಸಿಕೊಳ್ಳುತ್ತಿದ್ದ ನನ್ನ ಹೆಂಡತಿ ಹೂವು, ತೆಂಗಿನಕಾಯಿ, ಊದುಬತ್ತಿ ಹಿಡಿದುಕೊಂಡು ಬಂದಳು. "ಪಕ್ಕದಲ್ಲೇ ಇದ್ದು ನಮಗೊಂದು ಮಾತು ಹೇಳ್ಲಿಲ್ವಲ್ರೀ ಸುಬ್ಬಕ್ಕ. ಕಾಯಿ ಎಲ್ಲಿ ಒಡೀಲಿ, ಫ್ರಿಜ್ ಮುಂದೇನಾ?" ನಾನು ಕಾಯಿಯನ್ನು ಕಿತ್ತುಕೊಂಡೆ. ಊದುಬತ್ತಿ ಮಾತ್ರ ಹಚ್ಚಿಟ್ಟಳು. ಫ್ರಿಜ್ಜು ಗುರ್ ಎಂದು ಓಡತೊಡಗಿದಾಗ ನನ್ನ ಹೆಂಡತಿ ಗಲ್ಲ ಗಲ್ಲ ಬಡಿದುಕೊಂಡಳು.

ಇಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ನಿಲ್ಲಲಿಲ್ಲ. ದೊಡ್ಡಗಂಗಮ್ಮ ಬಾಯಲ್ಲಿದ್ದ ಎಲೆಅಡಿಕೆಯನ್ನು ಹೊರಗೆ ಉಗಿದು ಬಂದು, ಸೆರಗು ಸಿಕ್ಕಿಸಿಕೊಂಡರು.

"ಶ್ರಾವಣ ಶನಿವಾರ ಮೀಸಲು ಇಟ್ಟ ಮನೇಗೆ ಬಂದು ಬರೀ ಕಾಪಿ ಕುಡ್ಕಂಡು ಹೋದ್ರೆ ಸ್ವಾಮಿ ಮೆಚ್ತಾನಾ? ಎಡೆ ನಾನೇ ಮಾಡ್ತೀನಿ. ತಣ್ಣೀರು ಹುಯ್ಕಂಡು, ಒದ್ದೆ ಸೀರೇಲೇ ಮೀಸಲು ಮುಟ್ಟೋದು ನಮ್ಮತ್ತೆ ಕಾಲದ ಪದ್ಧತಿ. ಒಂದು ನೂಲಿನ ಸೀರೆ ಕೊಡವ್ವ ಸುಬ್ಬಲಕ್ಷ್ಮಿ."

"ಒದ್ದೆ ಸೀರೇಲಾ?" ಎಂದರು ವೆಂಕಟರಂಗಯ್ಯ, ಫ್ರಿಜ್ಜಿನ ಕಡೆ ನೋಡುತ್ತಾ.

"ನೀರು ತೊಟ್ಟಿಕ್ತಿರ್ಬೇಕು ಯಜಮಾನ್ರೇ. ಒಣಗಿದ್ರೆ ಮಡಿ ಹೋಯ್ತು."

"ವಯಸ್ಸಾಗೈತೆ, ಶೀತ ಆಗ್ತದೆ ಅಜ್ಜಿ" ಎಂದ ಕಾಂತೇಶ.

"ದೇವ್ರ ಕೆಲ್ಸಕ್ಕೆ ಶೀತ ಎಂಥದು ಬುಡಪ್ಪ." ಬಚ್ಚಲ ಬಾಗಿಲು ಮುಚ್ಚಿತು. ಒಳಗೆ ಬಕೆಟ್ಟಿನ ಸದ್ದಾಯಿತು.

ನಾನು ವೆಂಕಟರಂಗಯ್ಯನವರ ತೋಳು ಹಿಡಿದು ಮೂಲೆಗೆ ಎಳೆದೆ. "ಈಗ್ಲಾದ್ರೂ ಮೇನ್ ಆಫ್ ಮಾಡ್ರಿ!"

"ಮೇನ್ ಹಿಡಿನೂ ಹೊಡೀತದೆ ಮೇಷ್ಟ್ರೇ" ಎಂದರು ಪಿಸುದನಿಯಲ್ಲಿ. "ಮಣೆ ಮೇಲೆ ನಿಂತ್ಕಂಡೇ ಆಫ್ ಮಾಡ್ಬೇಕು."

ಮಣೆ ಫ್ರಿಜ್ಜಿನ ಮುಂದೆ ಕುಂಕುಮ ಇಡಿಸಿಕೊಂಡು ದೇವರಾಗಿ ಕೂತಿತ್ತು. ಅದರ ಎರಡು ಪಕ್ಕದಲ್ಲಿ ದೊಡ್ಡರಂಗಯ್ಯನೂ ಮಹಾದೇವಯ್ಯನೂ ಕೈ ಮುಗಿದು ನಿಂತಿದ್ದರು.

"ಇನ್ನೊಂದು ಮಣೆ?"

"ಅಟ್ಟದ ಮೇಲೈತೆ."

"ಚಪ್ಪಲಿ?"

ವೆಂಕಟರಂಗಯ್ಯ ಬಚ್ಚಲ ಬಾಗಿಲ ಕಡೆ ನೋಡಿದರು. ಒಳಗಿನಿಂದ ಮುದುಕಿ ಗೋವಿಂದಾ ಗೋವಿಂದಾ ಎನ್ನುತ್ತಾ ತಲೆಯ ಮೇಲೆ ಚೊಂಬು ಚೊಂಬು ನೀರು ಸುರಿದುಕೊಳ್ಳುತ್ತಿದ್ದರು. ಐದು ವರ್ಷದಲ್ಲಿ ಮೊದಲ ಸಲ ವೆಂಕಟರಂಗಯ್ಯ ತಮ್ಮ ಜೇಬಿನ ಟೆಸ್ಟರನ್ನು ಅಂಗೈಯಿಂದ ಮುಚ್ಚಿಕೊಂಡರು.

ಬಾಗಿಲು ತೆರೆಯಿತು. ದೊಡ್ಡಗಂಗಮ್ಮ ಹೊರಗೆ ಬಂದರು. ನೆನೆದ ಸೀರೆ ನೆಲ ಗುಡಿಸುತ್ತಿತ್ತು, ಕೂದಲಿಂದ ನೀರು ಸುರಿಯುತ್ತಿತ್ತು. ಎರಡು ಕೈಯನ್ನೂ ಮುಂದಕ್ಕೆ ಚಾಚಿಕೊಂಡು ಸೀದಾ ಅಡುಗೆಮನೆಗೆ ನಡೆದರು. ನನಗೆ ನಗು ಬರುತ್ತಿದ್ದದ್ದು ನಿಂತುಹೋಯಿತು. ಇದುವರೆಗೆ ಹುಡುಗಾಟವಾಗಿತ್ತು, ಈಗ ಒಂದು ಜೀವದ ಮಾತು.

"ಅವ್ವಾ, ಬ್ಯಾಡಿ" ಎಂದು ವೆಂಕಟರಂಗಯ್ಯ ಅಡ್ಡ ಬಂದರು.

"ಯಾಕಪ್ಪಾ? ಮಡೀಲಿದೀನಲ್ಲ."

"ಹಾಲು ಒಡ್ದೋಗೈತೆ."

"ಒಡ್ದಿದ್ರೆ ತೆಗ್ದು ಬಿಸಾಕ್ತೀನಿ." ಒಂದು ಹೆಜ್ಜೆ.

"ರಾಹುಕಾಲ ಅವ್ವಾ!"

"ಶನಿವಾರ ರಾಹುಕಾಲ ಒಂಬತ್ತರಿಂದ ಹತ್ತೂವರೆ. ಮುಗೀತು." ಇನ್ನೊಂದು ಹೆಜ್ಜೆ.

"ಅವ್ವಾ, ನಿಮ್ ಕಾಲಿಗೆ ಬೀಳ್ತೀನಿ!"

"ಬೀಳೀರಂತೆ, ಎಡೆ ಆಗ್ಲಿ." ಮುದುಕಿಯ ಬೆರಳು ಫ್ರಿಜ್ಜಿನ ಹಿಡಿಯಿಂದ ಒಂದು ಗೇಣು ದೂರದಲ್ಲಿತ್ತು.

ವೆಂಕಟರಂಗಯ್ಯ ಮಣೆಯ ಮೇಲೆ ಹಾರಿ, ಫ್ರಿಜ್ಜಿಗೆ ಬೆನ್ನು ಕೊಟ್ಟು, ಎರಡು ಕೈಯನ್ನೂ ಅಗಲಿಸಿ ನಿಂತುಬಿಟ್ಟರು. "ದೇವ್ರಲ್ಲ ಕಣವ್ವಾ, ಕರೆಂಟು! ಮೀಸಲೂ ಇಲ್ಲ, ಮಡೀನೂ ಇಲ್ಲ. ನಾನೇ ವೈರಿಂಗ್ ಮಾಡಿದೀನಿ, ನಂಗೆ ವೈರಿಂಗ್ ಬರಲ್ಲ! ಒದ್ದೆ ಕೈಲಿ ಮುಟ್ಟಿದ್ರೆ ಸತ್ತೋಗ್ತೀರಾ. ಹೆಣ್ಣು ಕೊಡದಿದ್ರೆ ಬ್ಯಾಡ, ಮುಟ್ಬ್ಯಾಡಿ!"

ಐದು ವರ್ಷ ಹೆಂಡತಿಗೆ, ಮಗನಿಗೆ, ನನಗೆ ಯಾರಿಗೂ ಹೇಳದ ಮಾತು. ಹೇಳಿದ ಮೇಲೆ ಅವರ ಕಣ್ಣಲ್ಲಿ ನೀರು ಬಂತು. ಕಾಂತೇಶ ಗೋಡೆಗೆ ಹಣೆ ಒತ್ತಿಕೊಂಡು ನಿಂತ. ಪಾಪ, ಅವನ ಮನಸ್ಸಿನಲ್ಲಿ ಕುಣಿಗಲ್ಲಿನ ರೂಮು ಕಾಣುತ್ತಿತ್ತೋ ಏನೋ.

ದೊಡ್ಡಗಂಗಮ್ಮ ಕೈ ಇಳಿಸಿದರು. ಆಮೇಲೆ ನೆನೆದ ಸೀರೆಯನ್ನು ಎರಡು ಬೆರಳಲ್ಲಿ ಸ್ವಲ್ಪ ಮೇಲಕ್ಕೆತ್ತಿದರು. ಅವರ ಕಾಲಲ್ಲಿ ಕಾಂತೇಶನ ನೀಲಿ ಪಟ್ಟಿಯ ರಬ್ಬರ್ ಚಪ್ಪಲಿ ಇತ್ತು. ಎಲ್ಲರೂ ಅವರ ಕೈಯನ್ನೇ ನೋಡುತ್ತಿದ್ದೆವು, ಕಾಲನ್ನು ಯಾರೂ ನೋಡಿರಲಿಲ್ಲ.

"ಬಚ್ಚಲಲ್ಲಿ ಚೀಲದ ತುಂಬ ಚಪ್ಲಿ ಮಡಗಿದೀರಲ್ಲ ಯಜಮಾನ್ರೇ, ಅದಕ್ಕೂ ಮೀಸಲಾ?" ಎಂದರು. "ಮಣೆ ನೋಡ್ದಾಗ್ಲೇ ನಂಗೆ ಅನುಮಾನ ಬಂತು. ನಮ್ ತೋಟದ ಮೋಟ್ರು ಸ್ಟಾರ್ಟ್ರು ಪೆಟ್ಟಿಗೆ ಮುಂದ್ಲೂ ಇಂಥದೇ ಮಣೆ ಐತೆ. ಅದ್ರ ಮೇಲೆ ನಿಂತ್ಕಂಡು ಬೇವಿನ ಕಡ್ಡೀಲಿ ಹಸ್ರು ಬಟನ್ ಒತ್ತೋದು. ಇಪ್ಪತ್ತು ವರ್ಷದಿಂದ ನಾನೇ ಮೋಟ್ರು ಹಾಕ್ತಿರೋದು. ಕರೆಂಟ್ ಹೊಡಿಯೋ ಪೆಟ್ಟಿಗೆ ನಂಗೆ ಗೊತ್ತಾಗಲ್ವಾ? ಚಪ್ಲಿ ಹಾಕ್ಕಂಡ್ರೂ ಒದ್ದೆ ಕೈಲಿ ಅದ್ನ ಮುಟ್ಟೋವಷ್ಟು ದಡ್ಡಿ ನಾನಲ್ಲ."

"ಮತ್ತೆ ಯಾಕವ್ವಾ..." ಎಂದು ದೊಡ್ಡರಂಗಯ್ಯ ಬಾಯಿ ಬಿಟ್ಟರು.

"ಸುಳ್ಳು ಹೇಳೋರು ಎಲ್ರೂ ಹೇಳ್ತಾರೆ ಕಣ್ಲಾ. ಮಾನ ಉಳಿಸ್ಕಳಕೆ ಒಂದು ಜೀವ ಹೋದ್ರೂ ಸುಮ್ಕಿರ್ತಾರಾ ಇಲ್ವಾ ಅಂತ ನೋಡ್ಬೇಕಿತ್ತು. ನಮ್ ಮಗ ಬಂದು ಬಾಳೋ ಮನೆ." ಮುದುಕಿ ತಲೆಗೂದಲು ಹಿಂಡಿಕೊಂಡರು. "ಮಾದೇವಾ, ಆ ಅಟ್ಟ ಒಂಚೂರು ನೋಡು."

ಆಗ ತಿಳಿಯಿತು, ಮಹಾದೇವಯ್ಯನದು ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವ ರಿವೈಂಡಿಂಗ್ ಅಂಗಡಿ. ಅವರು ಚಪ್ಪಲಿ ಮೆಟ್ಟಿಕೊಂಡು, ಒಣ ಕೋಲಿನಿಂದ ಮೇನ್ ಇಳಿಸಿ, ವೆಂಕಟರಂಗಯ್ಯನವರ ಉಡಿದಾರದ ಕೀಲಿ ಇಸಿದುಕೊಂಡು, ಟಾರ್ಚ್ ಹಿಡಿದು ಏಣಿ ಹತ್ತಿದರು. ಆಮೇಲೆ ಅಟ್ಟದೊಳಗಿನಿಂದ, "ಶಿವ ಶಿವಾ" ಎನ್ನುವುದು ಕೇಳಿಸಿತು.

"ಏನೈತೋ?" ಎಂದರು ಮುದುಕಿ.

"ಆಫೀಸೈತೆ ಅತ್ತೆ."

ಆಫೀಸೇ ಇತ್ತು. ವೈರಿನ ಜಾಯಿಂಟುಗಳನ್ನೆಲ್ಲ ಫೈಲಿನ ಟ್ಯಾಗಿನಲ್ಲಿ ಕಟ್ಟಿ, ಮೇಲೆ ಕೆಂಪು ಅರಗು ಕರಗಿಸಿ ಸೀಲು ಒತ್ತಿದ್ದರು. ಇನ್ಸುಲೇಷನ್ ಟೇಪು ಎನ್ನುವುದು ಹೆಸರಿಗೂ ಇರಲಿಲ್ಲ. ಟಿವಿ ಆಂಟೆನಾದ ಚಪ್ಪಟೆ ವೈರಿನಲ್ಲಿ ಗೀಸರ್ ಓಡುತ್ತಿತ್ತು. ಫ್ಯೂಸು ಇರಬೇಕಾದ ಕಡೆ ಗುಂಡುಪಿನ್ನು ಇತ್ತು. ಒಂದೊಂದು ಜಾಯಿಂಟಿಗೂ ಮುತ್ತಿನಂಥ ಅಕ್ಷರದಲ್ಲಿ ಬರೆದ ಚೀಟಿ ಕಟ್ಟಿತ್ತು. ಮಹಾದೇವಯ್ಯ ಒಂದೊಂದಾಗಿ ಗಟ್ಟಿಯಾಗಿ ಓದಿದರು.

"'ವಿಷಯ: ಮಿಕ್ಸಿಗೆ ವಿದ್ಯುತ್ ಮಂಜೂರಾತಿ. ಮೂಲಕ: ಬಚ್ಚಲ ದೀಪ. ಮೂಲಕ: ದೇವರಮನೆ.' ಅಲ್ಲಾ ಸ್ವಾಮಿ, ಮಿಕ್ಸಿಗೆ ಸೀದಾ ವೈರ್ ಎಳೀಬಾರ್ದಿತ್ತಾ?"

"ಸೀದಾ ಹೋಗೋದು ಹೆಂಗೆ?" ಕೆಳಗಿನಿಂದ ವೆಂಕಟರಂಗಯ್ಯ ಸಣ್ಣ ದನಿಯಲ್ಲಿ ಹೇಳಿದರು. "ಎಲ್ಲಾ ಸೂಕ್ತ ಮಾರ್ಗದಲ್ಲಿ ಹೋಗ್ಬೇಕಲ್ವಾ?"

"'ಕಾಲಿಂಗ್ ಬೆಲ್: ಟಿವಿ ಕಡತದೊಂದಿಗೆ ಲಗತ್ತಿಸಿದೆ.'" ಮಹಾದೇವಯ್ಯ ಮುಂದಕ್ಕೆ ತೆವಳಿದರು. "'ಈ ವೈರು ಎಲ್ಲಿಂದ ಬಂತೆಂದು ತಿಳಿದುಬಂದಿಲ್ಲ. ಪರಿಶೀಲನೆಯಲ್ಲಿದೆ. ಹನ್ನೆರಡು ಮೂರು ತೊಂಬತ್ತಾರು.' ಮೂರು ವರ್ಷ ಆಯ್ತಲ್ಲ ಸ್ವಾಮಿ, ಪರಿಶೀಲನೆ ಮುಗೀಲಿಲ್ವಾ?"

ಸುಬ್ಬಲಕ್ಷ್ಮಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ಕಾಂತೇಶನೂ ನಕ್ಕ. ದೊಡ್ಡರಂಗಯ್ಯನವರ ಮೀಸೆ ಕುಣಿಯುತ್ತಿತ್ತು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ನಾನೇ, ಅದನ್ನು ಒಪ್ಪಿಕೊಳ್ಳುತ್ತೇನೆ.

"ಇಲ್ಲೊಂದು ವೈರು ಗೋಡೆ ತೂತಿಂದ ಪಕ್ಕದ ಮನೇಗೆ ಹೋಗೈತೆ" ಎಂದರು ಮಹಾದೇವಯ್ಯ. "ಚೀಟಿ ಐತೆ, ತಡೀರಿ. 'ವಿಷಯ: ಗೀಸರ್ ಅರ್ತಿಂಗ್. ಪ್ರತಿಯನ್ನು ಮೇಷ್ಟ್ರ ಮನೆ ನಲ್ಲಿ ಪೈಪಿಗೆ ಮಾಹಿತಿಗಾಗಿ ಕಳುಹಿಸಿದೆ.'"

ನಗು ನಿಂತಿತು. ನನ್ನದು ಮೊದಲು ನಿಂತಿತು.

"ನೆಲಕ್ಕೆ ಹೋಗ್ಬೇಕಾದ ಕರೆಂಟು ನಲ್ಲಿಗೆ ಹೋಗೈತೆ" ಎಂದು ಮಹಾದೇವಯ್ಯ ಆ ವೈರನ್ನು ಕಿತ್ತು, ತಲೆ ಹೊರಗೆ ಹಾಕಿದರು. "ಮೇಷ್ಟ್ರೇ, ನೀವು ನಲ್ಲಿ ಮುಟ್ಟಿದ್ರೆ ಜುಮ್ ಅಂತಿರ್ಲಿಲ್ವಾ?"

"ಗೀಸರ್ ಎಷ್ಟೊತ್ತಿಗೆ ಹಾಕ್ತೀರಿ?" ಎಂದು ನನ್ನ ಹೆಂಡತಿ ಸುಬ್ಬಲಕ್ಷ್ಮಮ್ಮನನ್ನು ಕೇಳಿದಳು. ಅವಳ ದನಿ ಬಹಳ ಮೃದುವಾಗಿತ್ತು.

"ಬೆಳಿಗ್ಗೆ ಆರಿಂದ ಏಳು."

ನನ್ನ ಹೆಂಡತಿ ನನ್ನ ಕಡೆ ತಿರುಗಿದಳು. ನಾನು ಅಟ್ಟದ ಕಡೆ ನೋಡಿದೆ. ನಾಲ್ಕು ವರ್ಷ ಲೇಹ್ಯ ತಿಂದಿದ್ದೆ. ಪತಿವ್ರತೆಯ ಲಕ್ಷಣ ಎಂದದ್ದು ನನಗೆ ನೆನಪಾಯಿತು. ಅವಳಿಗೂ ನೆನಪಾಗಿತ್ತು.

ದೊಡ್ಡಗಂಗಮ್ಮ ಒಣ ಸೀರೆ ಉಟ್ಟುಕೊಂಡು ಬಂದು ಚಾಪೆಯ ಮೇಲೆ ಕೂತರು. ಎಲೆಅಡಿಕೆ ತಟ್ಟೆ ತರಿಸಿದರು. "ಮಾದೇವ ಎಂಟು ದಿನ ಇಲ್ಲೇ ಇದ್ದು ಹೊಸ ವೈರ್ ಎಳೀತಾನೆ. ನೆಲ ತೋಡಿ, ಉಪ್ಪು ಇದ್ಲು ಹಾಕಿ ಅರ್ತು ಮಾಡ್ತಾನೆ. ಅದು ಮುಗುದ್ಮೇಲೆ ಲಗ್ನ ಇಡ್ಸೋದು" ಎಂದರು. ಆಮೇಲೆ ವೆಂಕಟರಂಗಯ್ಯನವರ ಮುಂದೆ ತಟ್ಟೆ ಚಾಚಿದರು. "ಒಂದೇ ಮಾತು. ಆ ಹಳದಿ ಕಡ್ಡಿ ಇದ್ರಾಗೆ ಹಾಕಿ, ಬೀಗ್ರೇ."

ಬೀಗರೇ ಎಂದರು! ಬೆಳಿಗ್ಗೆಯಿಂದ ಯಜಮಾನ್ರೇ ಎನ್ನುತ್ತಿದ್ದವರು ಬೀಗರೇ ಎಂದರು. ಕಾಂತೇಶ ಗೋಡೆ ಬಿಟ್ಟು ಬಂದು ಮುದುಕಿಯ ಕಾಲಿಗೆ ಬಿದ್ದ. ವೆಂಕಟರಂಗಯ್ಯ ಜೇಬಿನಿಂದ ಟೆಸ್ಟರ್ ತೆಗೆದು, ಒಂದು ಸಲ ಕಣ್ಣಿಗೆ ಒತ್ತಿಕೊಂಡು, ವೀಳ್ಯದೆಲೆಯ ಮೇಲೆ ಇಟ್ಟರು. ಗಂಡಿನ ಕಡೆಯವರು ಟೆಸ್ಟರ್ ಇಟ್ಟು ತಾಂಬೂಲ ಬದಲಾಯಿಸಿದ ಮದುವೆ ಅದೊಂದೇ ಇರಬೇಕು. ಮಣೆಯನ್ನು ಸುಬ್ಬಲಕ್ಷ್ಮಮ್ಮ ಎತ್ತಿಟ್ಟರು, ಧಾರೆಗೆ ಬೇಕಾಗುತ್ತದೆಂದು.

ಮಾರನೇ ದಿನ ಬೆಳಿಗ್ಗೆ ಆರು ಗಂಟೆಗೆ ನನ್ನ ಹೆಂಡತಿ ನನ್ನನ್ನು ಎಬ್ಬಿಸಿದಳು. ಹಿತ್ತಲಲ್ಲಿ ಎಂಟು ಬಿಂದಿಗೆ ಸಾಲಾಗಿ ಇಟ್ಟಿದ್ದಳು. ಒಂಬತ್ತನೆಯದನ್ನು ನನ್ನ ಕೈಗೆ ಕೊಟ್ಟಳು. ನಾನು ಬೆರಳ ತುದಿಯಿಂದ ಮೆಲ್ಲಗೆ ನಲ್ಲಿ ಮುಟ್ಟಿದೆ, ಸ್ವಲ್ಪವಾದರೂ ಜುಮ್ ಎನ್ನಲಿ ಎಂದು ದೇವರನ್ನು ಬೇಡಿಕೊಂಡೆ. ನಲ್ಲಿಯಲ್ಲಿ ಬರೀ ನೀರು ಬಂತು.